ನಡೆದಷ್ಟೂ ಉಣ್ಣಬೇಕೆ?

ತೂಕ ಇಳಿಸಲು ಹೊರಟವರಿಗೆ ಮೊದಲ ವಾರದಲ್ಲೇ ಎದುರಾಗುವ ಪ್ರಶ್ನೆ ಇದು: ನಡೆದು, ಓಡಿ, ಜಿಮ್ಮಿನಲ್ಲಿ ಬೆವರು ಸುರಿಸಿ ಕರಗಿಸಿದ ಕ್ಯಾಲೊರಿಯನ್ನು ಮತ್ತೆ ತಿಂದು ತುಂಬಿಕೊಳ್ಳಬಹುದೇ? ತುಂಬಿಕೊಳ್ಳಿ ಎನ್ನುತ್ತದೆ ಮೊಬೈಲಿನ ಆ್ಯಪು; ಇವತ್ತಿನ ಪಾಲಿನಲ್ಲಿ ಇನ್ನೂ 300 ಉಳಿದಿದೆ ಎಂದು ತೋರಿಸುತ್ತದೆ. ಒಂದು ತುತ್ತೂ ಕೂಡದು ಎನ್ನುತ್ತಾನೆ ಜಿಮ್ಮಿನ ಹುಡುಗ. ಎದುರಿಗಿರುವವರು ಯಾರು, ಏನು ದುಡಿಯುತ್ತಾರೆ, ಏನು ಉಣ್ಣುತ್ತಾರೆ ಎಂದು ಇಬ್ಬರೂ ವಿಚಾರಿಸುವುದಿಲ್ಲ. ನನಗನಿಸುವುದಿಷ್ಟು: ಧಾರವಾಡದ ಸತ್ತೂರಿನಲ್ಲಿ ಸಂಜೆ ಒಂದು ತಾಸು ನಡೆಯುವ ಬಹುತೇಕರು ಅದಕ್ಕಾಗಿ ಹೆಚ್ಚಿಗೆ ತಿನ್ನಬೇಕಾಗಿಲ್ಲ. ತಿನ್ನಲೇಬೇಕಾದವರು ಬೇರೆ ಇದ್ದಾರೆ, ಅವರಲ್ಲಿ ಹೆಚ್ಚಿನವರು ಈ ಪ್ರಶ್ನೆ ಕೇಳುವುದೇ ಇಲ್ಲ.

ಮೊದಲು ಲೆಕ್ಕ. 70 ಕೇಜಿ ತೂಕದ ಮನುಷ್ಯ ತಾಸಿಗೆ ಐದು ಕಿಲೋಮೀಟರ್ ಹದದಲ್ಲಿ ಒಂದು ತಾಸು ನಡೆದರೆ ಸುಮಾರು 245 ಕ್ಯಾಲೊರಿ ಖರ್ಚಾಗುತ್ತದೆ. ಆದರೆ ಆ ತಾಸು ಅವನು ಮನೆಯಲ್ಲಿ ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದರೂ 70ರಷ್ಟು ಖರ್ಚಾಗಿಯೇ ತೀರುತ್ತಿತ್ತು. ಎದೆ ಬಡಿಯಬೇಕು, ಉಸಿರಾಡಬೇಕು, ಮೈ ಬೆಚ್ಚಗಿರಬೇಕು. ಹಾಗಾಗಿ ನಡಿಗೆಯದ್ದೇ ಎಂದು ಹೇಳಬಹುದಾದ ಖರ್ಚು 175. ವಾಚುಗಳಲ್ಲಿ ಕಾಣುವುದು ಎಷ್ಟೋ ಸಲ ಮೊದಲಿನ ದೊಡ್ಡ ಅಂಕಿ. ತಿಂಗಳು ಪೂರ್ತಿ ಒಂದು ದಿನವೂ ತಪ್ಪಿಸದೆ ನಡೆದರೆ 5,250 ಆಯಿತು. ಒಂದು ಕೇಜಿ ಕೊಬ್ಬು ಇಳಿಯಲು ಸುಮಾರು 7,700 ಕ್ಯಾಲೊರಿ ಕೊರತೆ ಬೇಕು ಎಂಬುದು ರೂಢಿಯ ಅಂದಾಜು. ಅಂದರೆ ಮೂವತ್ತು ಸಂಜೆಗಳ ದುಡಿಮೆಗೆ ಮುಕ್ಕಾಲು ಕೇಜಿಯೂ ಪೂರ್ತಿ ಸಿಗುವುದಿಲ್ಲ.

ಈಗ ಇದರ ಎದುರಿಗೆ ಗಿರಮಿಟ್ ಗಾಡಿಯನ್ನು ನಿಲ್ಲಿಸಿ ನೋಡಿ. ಚುರಮುರಿ ಹಗುರ, ಅದರದ್ದೇನೂ ದೊಡ್ಡ ತಪ್ಪಿಲ್ಲ. ಆದರೆ ಅದಕ್ಕೆ ಕಲೆಸುವ ಹುಣಸೆ-ಬೆಲ್ಲದ ಒಗ್ಗರಣೆ ಎಣ್ಣೆಯಲ್ಲಿ ಮಿಂದಿರುತ್ತದೆ, ಮೇಲೆ ಪುಟಾಣಿ ಹಿಟ್ಟು, ಸೇವು. ಪಕ್ಕದಲ್ಲಿ ಕಡಲೆಹಿಟ್ಟಿನ ಅಂಗಿ ತೊಟ್ಟ ಎರಡು ಮಿರ್ಚಿ. ಕಾಗದದ ಮೇಲಿಟ್ಟ ಕೂಡಲೇ ಎಣ್ಣೆಯ ವೃತ್ತ ನಿಧಾನಕ್ಕೆ ಹಿಗ್ಗುತ್ತದೆ. ಒಂದು ಸಣ್ಣ ಚಮಚ ಎಣ್ಣೆಗೇ 40 ಕ್ಯಾಲೊರಿ. ಕೊನೆಗೊಂದು ಸಕ್ಕರೆ ಮುಂದಾದ ಚಹಾ. "ಇವತ್ತ ಐದ ಕಿಲೋಮೀಟರ್ ಆತ್ರೀ, ಒಂದ ಪ್ಲೇಟ್ ನಡೀತದ ತಗೋರಿ" ಎನ್ನುವವರು ಆ ಒಂದು ಪ್ಲೇಟಿನಲ್ಲಿ ಐದಕ್ಕೆ ಐದೂ ಕಿಲೋಮೀಟರನ್ನು ಮರಳಿ ಪಡೆದು, ಮೇಲೆ ಇನ್ನೆರಡನ್ನು ಸಾಲವಾಗಿ ಹೊತ್ತು ಮನೆಗೆ ಹೋಗುತ್ತಾರೆ. ಧಾರವಾಡದ ಕಡೆಗೆ ಚಿಗರಿ ಬಸ್ಸು ಹತ್ತಿ ಲೈನ್ ಬಜಾರಿಗೆ ಹೋದರೂ ಕಥೆ ಅದೇ: ಎರಡು ಪೇಡೆಗೆ ಒಂದು ಸಂಜೆಯ ನಡಿಗೆ ಸಮ. ಬಾಯಿ ಚಪಲಕ್ಕೆ ನವಲೂರಿನ ಪೇರಲ ಹಣ್ಣು ತಿಂದವರು ಈ ವಿಷಯದಲ್ಲಿ ಜಾಣರು. ಸಾಧಾರಣ ಗಾತ್ರದ ಒಂದು ಹಣ್ಣಿನಲ್ಲಿ ಒಂದು ಪೇಡೆಯಷ್ಟೂ ಇರುವುದಿಲ್ಲ, ಹೊಟ್ಟೆಯಂತೂ ತುಂಬುತ್ತದೆ.

ವಾಚಿನ ಮಾತು ಬಂತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಮಣಿಕಟ್ಟಿಗೆ ಕಟ್ಟುವ ಏಳು ಬಗೆಯ ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿದರು. ಎದೆಬಡಿತ ಎಣಿಸುವುದರಲ್ಲಿ ಹೆಚ್ಚಿನವು ಚೆನ್ನಾಗಿಯೇ ಇದ್ದವು. ಕ್ಯಾಲೊರಿಯ ವಿಷಯದಲ್ಲಿ ಮಾತ್ರ ಇದ್ದುದರಲ್ಲಿ ಒಳ್ಳೆಯದೂ ಸರಾಸರಿ ಶೇ 27ರಷ್ಟು ತಪ್ಪು ಹೇಳಿತು, ತೀರಾ ಕೆಟ್ಟದ್ದು ಶೇ 93ರಷ್ಟು. ತಕ್ಕಡಿ ಇಷ್ಟು ತಪ್ಪಿದರೆ ಸಂತೆಯಲ್ಲಿ ಜಗಳವೇ ಆದೀತು. ಮಣಿಕಟ್ಟಿನ ಮೇಲಿದ್ದರೆ ಅದನ್ನು ನಂಬಿ ಊಟ ಬಡಿಸಿಕೊಳ್ಳುತ್ತೇವೆ.

ಆದರೆ ಆ್ಯಪನ್ನೂ ಪೂರ್ತಿ ಬೈಯುವಂತಿಲ್ಲ, ಅದಕ್ಕೆ ತನ್ನದೇ ತರ್ಕವಿದೆ. ಕೆಲವು ಆ್ಯಪುಗಳು ವ್ಯಾಯಾಮವನ್ನು ಹೊರಗಿಟ್ಟು ದಿನದ ಪಾಲನ್ನು ಕಟ್ಟುತ್ತವೆ, ಇಳಿಕೆಗೆ ಬೇಕಾದ ಕೊರತೆಯನ್ನು ಅದರಲ್ಲೇ ಕಳೆದಿರುತ್ತವೆ. ಅಲ್ಲಿ ವ್ಯಾಯಾಮ ಮಾಡಿದವರು ಅದರಲ್ಲಿ ಕರಗಿದ ಕ್ಯಾಲೊರಿಯನ್ನು ತಿಂದರೂ ಕೊರತೆ ಹಾಗೇ ಉಳಿಯುತ್ತದೆ, ತತ್ವ ಸರಿ. ಎಡವಟ್ಟಾಗುವುದು ಶುರುವಿನಲ್ಲಿ, "ನಿಮ್ಮ ಚಟುವಟಿಕೆ ಎಷ್ಟು?" ಎಂದು ಕೇಳಿದಾಗ. ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿ ನೋಡಿ. 65 ಕೇಜಿಯ ಗಂಡಸಿಗೆ ಕೂತು ಮಾಡುವ ಕೆಲಸವಾದರೆ ದಿನಕ್ಕೆ 2,110 ಕ್ಯಾಲೊರಿ, ಮಧ್ಯಮ ದುಡಿಮೆಯಾದರೆ 2,710, ಭಾರೀ ದುಡಿಮೆಗೆ 3,470. 55 ಕೇಜಿಯ ಹೆಂಗಸಿಗೆ ಕ್ರಮವಾಗಿ 1,660, 2,130, 2,720. ದಿನವಿಡೀ ಕೌಂಟರಿನ ಹಿಂದೆ ಕೂತು ಸಂಜೆ ಒಂದು ತಾಸು ನಡೆಯುವ ಗೃಹಸ್ಥ ಹೆಮ್ಮೆಯಿಂದ "ಮಧ್ಯಮ" ಒತ್ತುತ್ತಾನೆ. ಒತ್ತಿದ ಕೂಡಲೇ 600 ಕ್ಯಾಲೊರಿ ಅವನ ಪಾಲಿಗೆ ಬಂತು, ದುಡಿದದ್ದು 175. ಆಮೇಲೆ ವಾಚು ತನ್ನ 245ನ್ನು ಮತ್ತೆ ಸೇರಿಸುತ್ತದೆ. ಒಂದೇ ನಡಿಗೆಯನ್ನು ಎರಡು ಸಲ ಉಣ್ಣುವುದು ಎಂದರೆ ಇದು. ಮೂರು ತಿಂಗಳಾದರೂ ತೂಕ ಜಗ್ಗಲಿಲ್ಲ, ನಂದು ಥೈರಾಯ್ಡೇ ಇರಬೇಕು ಎಂದು ರಕ್ತ ಕೊಡಲು ಹೋಗುವವರಲ್ಲಿ ಕೆಲವರ ಕಥೆ ಇಷ್ಟೇ ಆಗಿರುತ್ತದೆ.

ಇನ್ನೊಂದು ತೊಡಕಿದೆ, ಇದು ದೇಹದ್ದೇ ಕಿತಾಪತಿ. ನಡೆದು ಬಂದ ಮನುಷ್ಯ ಉಳಿದ ಹೊತ್ತು ಹೆಚ್ಚು ಕೂರುತ್ತಾನೆ, ನೀರು ಬೇಕಾದರೆ ಮಗಳನ್ನು ಕೂಗುತ್ತಾನೆ. ಒಳಗಿನ ಯಂತ್ರವೂ ಅಲ್ಲಲ್ಲಿ ಕೈ ಬಿಗಿ ಮಾಡುತ್ತದೆ. ತಾಂಜಾನಿಯದ ಹಡ್ಜಾ ಜನ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ವಿಜ್ಞಾನಿ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಅವರ ದಿನದ ಶಕ್ತಿವ್ಯಯವನ್ನು ಅಳೆದು 2012ರಲ್ಲಿ ಪ್ರಕಟಿಸಿದಾಗ, ಮೈಯ ಗಾತ್ರಕ್ಕೆ ಹೊಂದಿಸಿ ನೋಡಿದರೆ ಅದು ಪಾಶ್ಚಾತ್ಯ ನಗರವಾಸಿಗಳದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ. 2021ರಲ್ಲಿ 1,754 ಜನರ ಮಾಹಿತಿ ಸೋಸಿದ ಇನ್ನೊಂದು ಅಧ್ಯಯನ, ಚಟುವಟಿಕೆಯಿಂದ ಹೆಚ್ಚಾದ ಖರ್ಚಿನಲ್ಲಿ ಸರಾಸರಿ ಶೇ 28ರಷ್ಟನ್ನು ದೇಹ ಬೇರೆ ಕಡೆ ಉಳಿಸಿ ಸರಿದೂಗಿಸುತ್ತದೆ ಎಂದಿತು. ಆ ಸರಾಸರಿಯನ್ನು ಹಿಡಿದರೆ ನಮ್ಮ 175ರಲ್ಲಿ ದಕ್ಕುವುದು 125ರ ಆಸುಪಾಸು. ಒಂದು ತೆಳು ಜೋಳದ ರೊಟ್ಟಿಯ ಬೆಲೆ.

ಹಾಗೆಂದು ನಡಿಗೆಯೇ ದಂಡ ಎಂದಲ್ಲ. ಸಕ್ಕರೆ, ರಕ್ತದೊತ್ತಡ, ನಿದ್ದೆ, ಮೊಣಕಾಲಿನ ಬಲ ಇವಕ್ಕೆಲ್ಲ ಅದು ಕೊಡುವುದು ದೊಡ್ಡದು, ಇಳಿದ ತೂಕ ಮತ್ತೆ ಏರದಂತೆ ಹಿಡಿಯುವುದರಲ್ಲೂ ಅದರ ಕೈ ಇದೆ. ಕೂಲಿಯ ಹಾಗೆ ದಿನದಿನವೂ ಅದನ್ನು ತಾಟಿನಲ್ಲಿ ವಸೂಲು ಮಾಡಹೊರಡುವುದಷ್ಟೇ ತಪ್ಪು. ವಸೂಲಿಯ ಈ ಮನಸ್ಸು ವಾಚಿಗಿಂತ ಹಳೆಯದು. ಧಾರವಾಡದ ಕಡೆ ಮರಾಠಿಯ "ಏಕಾದಶೀ, ದುಪ್ಪಟ್ ಖಾಶೀ" (ಏಕಾದಶಿಗೆ ಎರಡು ಪಟ್ಟು ಊಟ) ಎಂಬ ಮಾತು ಸುಮ್ಮನೆ ಬಳಕೆಗೆ ಬಂದದ್ದಲ್ಲ. ಅನ್ನ ಬಿಟ್ಟ ಪುಣ್ಯಕ್ಕೆ ಶೇಂಗಾ ಪುಡಿ ಸುರಿದ ಸಾಬುದಾಣಿ ಖಿಚಡಿ, ಮೇಲೆ ತುಪ್ಪ, ಬಾಳೆಹಣ್ಣು, ಖಜೂರ. ಉಪವಾಸದ ದಿನದಷ್ಟು ಉಂಡ ದಿನ ವಾರದಲ್ಲಿ ಇನ್ನೊಂದಿರುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಜಿಮ್ಮಿನ ಹುಡುಗನ ಪಕ್ಷ ವಹಿಸಿದಂತಾದೀತು. ಅವನ ಮಾತು ಪೂರ್ತಿ ಒಪ್ಪಬಾರದು ಎನ್ನುವುದಕ್ಕೆ ಬಲವಾದ ಸಾಕ್ಷಿ ಎರಡನೆಯ ಮಹಾಯುದ್ಧದ ಕಾಲದ್ದು. ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲೆವೆಂದ 36 ಆರೋಗ್ಯವಂತ ತರುಣರನ್ನು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944-45ರಲ್ಲಿ ಮಿನಿಸೋಟ ವಿಶ್ವವಿದ್ಯಾಲಯದಲ್ಲಿ ಇರಿಸಿಕೊಂಡರು. ಆರು ತಿಂಗಳ ಕಾಲ ದಿನಕ್ಕೆ ಸರಾಸರಿ 1,570 ಕ್ಯಾಲೊರಿಯ ಊಟ, ವಾರಕ್ಕೆ 22 ಮೈಲಿ ನಡಿಗೆ. ಅಂದರೆ ದಿನಕ್ಕೆ ಹೆಚ್ಚುಕಡಿಮೆ ಐದು ಕಿಲೋಮೀಟರ್! ಇಂದಿನ ಎಷ್ಟೋ ಡಯಟ್ ಚೀಟಿಗಳಲ್ಲಿ ಇರುವುದು ಇದೇ ಜೋಡಿ. ಅವರ ತೂಕದ ಕಾಲು ಭಾಗ ಇಳಿಯಿತು, ನಿಜ. ಜೊತೆಗೆ ಸದಾ ಚಳಿ, ಸಿಡಿಮಿಡಿ, ಖಿನ್ನತೆ. ಹಗಲೆಲ್ಲ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಟ್ಟು ಓದತೊಡಗಿದರು. ಅವರು ಮೊದಲೇ ತೆಳ್ಳಗಿದ್ದ ಹುಡುಗರು, ಹೊಟ್ಟೆ ಬಂದ ನಡುವಯಸ್ಕರಲ್ಲ ಎಂಬುದು ಇಲ್ಲಿ ಮುಖ್ಯ. ಕರಗಿಸಲು ದಾಸ್ತಾನು ಇದ್ದವರ ಲೆಕ್ಕ ಬೇರೆ, ಇಲ್ಲದವರದ್ದು ಬೇರೆ.

ಆದ್ದರಿಂದ ಹಾಸ್ಟೆಲಿನಲ್ಲಿದ್ದುಕೊಂಡು, 50 ಕೇಜಿ ತೂಗುತ್ತ, ಬೆಳಿಗ್ಗೆ ಎಂಟು ಕಿಲೋಮೀಟರ್ ಓಡಿ, ಮಧ್ಯಾಹ್ನ ಒಂದು ರೊಟ್ಟಿಗೆ ಊಟ ಮುಗಿಸುವ ಹುಡುಗಿ ತಿನ್ನಲೇಬೇಕು. ಮುಟ್ಟು ಏರುಪೇರಾಗುವುದು, ಮೂಳೆ ಸವೆಯುವುದು ಇಂಥ ಕೊರತೆಯ ಫಲ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಎಚ್ಚರಿಸಿದೆ. ಅವಳಿಗೆ ಬೇಕಾದದ್ದು ಮಡಕಿಕಾಳಿನ ಪಲ್ಯ, ಮೊಸರು, ತತ್ತಿ, ಇನ್ನೊಂದೆರಡು ರೊಟ್ಟಿ, ಶಹಬ್ಬಾಸಿಯಲ್ಲ. ವಾರದ ಕೊನೆಗೆ ಒಂದೇ ಉಸಿರಿಗೆ ಹದಿನೈದು-ಇಪ್ಪತ್ತು ಕಿಲೋಮೀಟರ್ ಓಡುವವರಿಗೂ ಇದೇ ಮಾತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆಯನ್ನು ಜಗ್ಗಿ ಇಳಿಸುವ ಕೆಲವು ಗುಳಿಗೆ ನುಂಗುವವರು ತೂಕದ ಹಟಕ್ಕೆ ಬಿದ್ದು ಖಾಲಿ ಹೊಟ್ಟೆಯಲ್ಲಿ ಬಿರುಸಾಗಿ ನಡೆದರೆ ಬೆವರು, ನಡುಕ, ಕಣ್ಣಿಗೆ ಕತ್ತಲೆ ಬಂದೀತು. ಅವರ ಕಿಸೆಯಲ್ಲಿ ಗ್ಲೂಕೋಸೋ ಸಕ್ಕರೆಯೋ ಇರಲೇಬೇಕು. ಎಷ್ಟು, ಯಾವಾಗ ತಿನ್ನಬೇಕೆಂಬುದನ್ನು ಅವರ ಡಾಕ್ಟರರು ಹೇಳಬೇಕು. ಇನ್ನು ಬಿಸಿಲಲ್ಲಿ ದಿನವಿಡೀ ಕಳೆ ತೆಗೆಯುವ ಹೆಂಗಸರು ಪೋಷಣಾ ಸಂಸ್ಥೆಯ ಪಟ್ಟಿಯ ಕೊನೆಯ ಸಾಲಿನವರು. ಅವರಿಗೆ 2,720 ಸಿಗುತ್ತದೆಯೇ ಎಂದು ಯಾವ ವಾಚೂ ಕೇಳಿಲ್ಲ.

ಉಳಿದವರು ತಾವು ಯಾವ ಸಾಲಿನವರು ಎಂದು ತಿಳಿಯಲು ತೂಕದ ಯಂತ್ರವೂ ಒಂದು ಟೇಪೂ ಸಾಕು. ದಿನಾ ನೋಡಿದರೆ ನೀರಿನ ಏರಿಳಿತ ಹಾದಿ ತಪ್ಪಿಸುತ್ತದೆ, ಉಪ್ಪಿನಕಾಯಿ ಜಾಸ್ತಿ ತಿಂದ ಮರುದಿನವೂ ಮುಳ್ಳು ಮೇಲೇರಿರುತ್ತದೆ. ಮೂರು ವಾರದ ಓಟ ನೋಡಬೇಕು: ಬೆಳಿಗ್ಗೆ ಎದ್ದು, ಹೊಟ್ಟೆ ಖಾಲಿ ಇದ್ದಾಗ, ವಾರಕ್ಕೆರಡು ಸಲ, ಜೊತೆಗೆ ಹೊಕ್ಕಳ ಮಟ್ಟದಲ್ಲಿ ಟೇಪು. ಆ ಮೂರು ವಾರ ನಡಿಗೆಯ ಲೆಕ್ಕದಲ್ಲಿ ಏನನ್ನೂ ಹೆಚ್ಚು ತಿನ್ನದೆ, ನಿಜವಾಗಿ ಹಸಿದಾಗ ಮಾತ್ರ ಒಂದು ಹಣ್ಣೋ ಒಂದು ಬಟ್ಟಲು ಮಜ್ಜಿಗೆಯೋ ತೆಗೆದುಕೊಂಡರೆ ಸಾಕು. ವಾರಕ್ಕೆ ಕಾಲು ಕೇಜಿಯಿಂದ ಅರ್ಧ ಕೇಜಿ ಇಳಿಯುತ್ತಿದ್ದರೆ ಹಾಗೇ ಮುಂದುವರಿಯಬಹುದು. ಏನೂ ಇಳಿಯದಿದ್ದರೆ ಗಾಡಿಯ ಮುಂದೆ ನಿಲ್ಲುವುದನ್ನು ಬಿಡಬೇಕು. ಒಂದು ಕೇಜಿಗಿಂತ ಹೆಚ್ಚು ಇಳಿಯುತ್ತ, ರಾತ್ರಿ ಹಸಿವಿನಿಂದ ಎಚ್ಚರವಾಗುತ್ತ, ಮೆಟ್ಟಿಲು ಹತ್ತುವಾಗ ತಲೆ ತಿರುಗುತ್ತಿದ್ದರೆ ವಾಚು ಏನೇ ಹೇಳಲಿ, ರಾತ್ರಿಯ ಊಟಕ್ಕೆ ಇನ್ನೊಂದು ರೊಟ್ಟಿ, ಇನ್ನೊಂದು ಸೌಟು ಕಾಳುಪಲ್ಯ ಹಾಕಿಸಿಕೊಳ್ಳಬೇಕು.