ತೊಡೆಸಂದಿನ ತುರಿಕೆಗೆ ಸಂಕೋಚವೇ ಗೊಬ್ಬರ

'ಅಯ್ಯೋ, ಇದನ್ನೂ ಪೇಪರ್‌ನಲ್ಲಿ ಬರೀಬೇಕಾ?' ಅಂತ ಮೂಗು ಮುರಿಯಬೇಡಿ. ನೆಗಡಿ ಬಂದರೆ ಪಕ್ಕದ ಮನೆಯವರಿಗೂ ಹೇಳುತ್ತೇವೆ. ಮಂಡಿನೋವನ್ನು ಮದುವೆಮನೆಯಲ್ಲೂ ಚರ್ಚಿಸುತ್ತೇವೆ. ಆದರೆ ತೊಡೆಸಂದಿನಲ್ಲಿ ತುರಿಕೆ ಶುರುವಾದರೆ ಗಂಡ ಹೆಂಡತಿಗೆ ಹೇಳುವುದಿಲ್ಲ, ಹೆಂಡತಿ ಗಂಡನಿಗೆ ಹೇಳುವುದಿಲ್ಲ. ಕಾಲೇಜಿಗೆ ಹೋಗುವ ಮಗನಂತೂ ಬಾಯೇ ಬಿಡುವುದಿಲ್ಲ. ಒಬ್ಬೊಬ್ಬರೂ ಗುಟ್ಟಾಗಿ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದು, ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಹಚ್ಚಿಕೊಳ್ಳುತ್ತಾರೆ. ವಾರದಲ್ಲಿ ಹೋಗಬೇಕಾದ ಸಂಕೋಚ ಹೋಗದೆ, ತಿಂಗಳಲ್ಲಿ ಹೋಗಬೇಕಾದ ತುರಿಕೆ ವರ್ಷವಾದರೂ ಉಳಿಯುತ್ತದೆ.

ಹಳ್ಳಿ ಕಡೆ ಇದಕ್ಕೆ ಹುಳುಕಡ್ಡಿ, ಗಜಕರ್ಣ ಅಂತಾರೆ. ಹೆಸರಲ್ಲಿ ಹುಳು ಇದ್ದರೂ ಇಲ್ಲಿ ಯಾವ ಹುಳುವೂ ಇಲ್ಲ. ಇದು ಫಂಗಸ್, ಅಂದರೆ ಬೂಷ್ಟಿನ ಜಾತಿಯದು. ಮಳೆಗಾಲದಲ್ಲಿ ಚಪ್ಪಲಿ ಮೇಲೆ, ಉಪ್ಪಿನಕಾಯಿ ಜಾಡಿಯಲ್ಲಿ ಬೂಷ್ಟು ಹಿಡಿಯುವುದನ್ನು ನೋಡಿಲ್ಲವೇ? ಹಾಗೇ ಬೆವರು, ಬಿಸಿ, ಉಜ್ಜಾಟ ಮೂರೂ ಸೇರಿದ ಕಡೆ ಚರ್ಮದ ಮೇಲ್ಪದರದಲ್ಲಿ ಇದು ಬೆಳೆಯುತ್ತದೆ. ಅಂಚು ಕೆಂಪಗೆ ಉಬ್ಬಿ, ಪುಡಿಪುಡಿ ಹೊಟ್ಟು ಎದ್ದು, ನಡುವೆ ತುಸು ತಿಳಿಯಾಗಿ ಉಂಗುರದಂತೆ ಹರಡುವುದು ಇದರ ಗುರುತು. ಗಂಡಸರಲ್ಲಿ ಹೆಚ್ಚು ನಿಜ. ಹಾಗಂತ ನಾವೇನೂ ಹೊರತಲ್ಲ. ಲಂಗದ ಲಾಡಿ ಬಿಗಿಯುವ ಸೊಂಟದ ಸುತ್ತ, ಎದೆಯ ಕೆಳಗೆ, ತೊಡೆಸಂದಿನಲ್ಲಿ ನಮಗೂ ಬರುತ್ತದೆ. ಒಲೆ ಮುಂದೆ ಬೆವರಿ ಒದ್ದೆಯಾದ ಬಟ್ಟೆಯಲ್ಲೇ ಮಧ್ಯಾಹ್ನದವರೆಗೂ ಓಡಾಡುವವರು ಸ್ವಲ್ಪ ಹುಷಾರಾಗಿರಬೇಕು.

'ಗಲೀಜು ಜನಕ್ಕೆ ಬರೋ ಕಾಯಿಲೆ' ಅನ್ನುವ ಮಾತಿದೆಯಲ್ಲ, ಅದನ್ನು ಮೊದಲು ಬಿಟ್ಟುಬಿಡಿ. ದಿನಕ್ಕೆರಡು ಸಲ ಸ್ನಾನ ಮಾಡಿ, ಮೈ ಸರಿಯಾಗಿ ಒರೆಸದೆ ಬಟ್ಟೆ ಹಾಕಿಕೊಳ್ಳುವವರಿಗೂ ಬರುತ್ತದೆ. ಒದ್ದೆ ಬಟ್ಟೆಯಲ್ಲೇ ಮಡಿ ಅಂತ ಗಂಟೆಗಟ್ಟಲೆ ಪೂಜೆಗೆ ಕೂರುವವರಿಗೂ ಬರುತ್ತದೆ. ಇಲ್ಲಿ ಶುಚಿತ್ವ ಅಂದರೆ ಮುಖ್ಯವಾಗಿ ಒಣಗಿಸುವುದು. ಮನೆಮಂದಿಗೆಲ್ಲ ಒಂದೇ ಟವೆಲ್, ಅರ್ಧಂಬರ್ಧ ಒಣಗಿದ ಚಡ್ಡಿ, ಇಡೀ ದಿನ ಬಿಗಿಯಾದ ಜೀನ್ಸ್: ಸೋಪು ಎಷ್ಟೇ ದುಬಾರಿಯದಾದರೂ ಇವುಗಳ ಮುಂದೆ ಕೆಲಸ ಮಾಡುವುದಿಲ್ಲ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಗಂಡಸರ ಬನಿಯನ್ನು, ಚಡ್ಡಿ ತಾರಸಿಯ ತಂತಿಯ ಮೇಲೆ ರಾಜಾರೋಷವಾಗಿ ಒಣಗುತ್ತವೆ. ನಮ್ಮ ಒಳಉಡುಪು ಮಾತ್ರ ಟವೆಲ್ ಅಡಿ, ಸೀರೆ ಮರೆಯಲ್ಲಿ, ಇಲ್ಲವೇ ಬಾತ್‌ರೂಮಿನ ಮೂಲೆಯಲ್ಲಿ. 'ಯಾರಾದ್ರೂ ನೋಡಿದರೆ?' ಅನ್ನುವ ಭಯ. ಬಿಸಿಲು, ಗಾಳಿ ಕಾಣದ ಆ ಬಟ್ಟೆಯನ್ನೇ ಮತ್ತೆ ಹಾಕಿಕೊಳ್ಳುತ್ತೇವೆ. ನೋಡುವವರು ನೋಡಿಕೊಳ್ಳಲಿ ಬಿಡಿ. ಒಳಭಾಗ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಹೆಣ್ಣುಮಕ್ಕಳಿಗೂ ಇದನ್ನೇ ಕಲಿಸಿ.

ಇನ್ನು ಆ ಟ್ಯೂಬಿನ ವಿಷಯ. ಅಂಗಡಿಯಲ್ಲಿ 'ತುರಿಕೆಗೆ ಏನಾದ್ರೂ ಕೊಡಿ' ಅಂದರೆ ಸಿಗುವುದು ಬಹುಮಟ್ಟಿಗೆ ಮಿಶ್ರಣದ ಮುಲಾಮು. ಅದರಲ್ಲಿ ಫಂಗಸ್ ಔಷಧಿಯ ಜೊತೆಗೆ ಸ್ಟೀರಾಯ್ಡೂ ಇರುತ್ತದೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ! ಅಬ್ಬಾ, ಎಂಥ ಒಳ್ಳೆ ಮದ್ದು ಅನ್ನಿಸುತ್ತದೆ. ಆದರೆ ಸ್ಟೀರಾಯ್ಡ್ ಉರಿಯನ್ನಷ್ಟೇ ತಗ್ಗಿಸುತ್ತದೆ, ಜೊತೆಗೆ ಚರ್ಮದ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ಒಳಗೊಳಗೇ ಫಂಗಸ್ ಹರಡುತ್ತದೆ. ಬಿಟ್ಟ ಕೂಡಲೇ ಎರಡರಷ್ಟಾಗಿ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ತೊಡೆಯಲ್ಲಿ ಬಸುರಿಯ ಹೊಟ್ಟೆಯ ಮೇಲಿನಂಥ ಗೀರುಗಳು ಬೀಳುತ್ತವೆ. ಅವು ಪೂರ್ತಿ ಹೋಗುವುದಿಲ್ಲ. ಸ್ಟೀರಾಯ್ಡ್ ಇರುವ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಆದರೂ ಕೇಳಿದವರಿಗೆ ಕೊಡುವ ಅಂಗಡಿಗಳಿವೆ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೆಟಾಮೆಥಸೋನ್, ಬೆಕ್ಲೊಮೆಥಸೋನ್ ಎಂಬ ಹೆಸರು ಕಂಡರೆ ಅದು ಸ್ಟೀರಾಯ್ಡ್ ಎಂದು ತಿಳಿಯಿರಿ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಆ ಟ್ಯೂಬನ್ನೇ ವೈದ್ಯರಿಗೆ ತೋರಿಸಿ. ಅದರಲ್ಲಿ ನಾಚಿಕೆ ಏನಿದೆ?

ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ನಮ್ಮ ದೇಶದಲ್ಲಿ ಈಚಿನ ವರ್ಷಗಳಲ್ಲಿ ಹಬ್ಬಿರುವ ಒಂದು ಬಗೆಯ ಫಂಗಸ್‌ಗೆ 2020ರಲ್ಲಿ ವಿಜ್ಞಾನಿಗಳು 'ಟ್ರೈಕೊಫೈಟಾನ್ ಇಂಡೊಟಿನಿಯೆ' ಎಂದು ಹೆಸರಿಟ್ಟರು. ಹೆಸರಲ್ಲೇ ಇಂಡಿಯಾ! ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್ ಔಷಧಿಗೆ ಇದು ಅನೇಕ ವೇಳೆ ಬಗ್ಗುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲೂ ಇದು ಕಾಣಿಸಿಕೊಂಡ ವರದಿಯಾಯಿತು. ಪಕ್ಕದ ಮನೆಯವರಿಗೆ ಗುಣವಾದ ಮಾತ್ರೆ ನಿಮಗೂ ಆಗಬೇಕೆಂದೇನಿಲ್ಲ ಎನ್ನುವುದು ಇದಕ್ಕೇ.

ಮನೆಮದ್ದಿನ ಹೆಸರಲ್ಲಿ ನಿಂಬೆಹಣ್ಣು, ಬೆಳ್ಳುಳ್ಳಿ, ಸೀಮೆಎಣ್ಣೆ, ನೀರು ಬೆರೆಸದ ಡೆಟಾಲ್ ಹಚ್ಚುವವರಿದ್ದಾರೆ. ಆ ಜಾಗದ ಚರ್ಮ ತೀರಾ ಸೂಕ್ಷ್ಮ. ಸುಟ್ಟು ಬೊಬ್ಬೆ ಬಂದರೆ ಒಂದು ಕಾಯಿಲೆ ಎರಡಾಗುತ್ತದೆ. ತುರಿಕೆ ತಡೆಯದಿದ್ದರೆ ತಣ್ಣೀರಿನ ಬಟ್ಟೆ ಐದು ನಿಮಿಷ ಇಟ್ಟು, ಆಮೇಲೆ ಪೂರ್ತಿ ಒಣಗಿಸಿ. ಕೆರೆಯಬೇಡಿ. ಉಗುರಿನಿಂದಲೇ ಇನ್ನೊಂದು ಕಡೆಗೆ ಅಂಟುತ್ತದೆ.

ಇವಿಷ್ಟು ಮನೆಯಲ್ಲಿ ನಡೆಯಲಿ:

* ಸ್ನಾನದ ನಂತರ ಸಂದುಗಳನ್ನು ಒತ್ತಿ ಒರೆಸಿ, ಗಾಳಿಯಾಡಿದ ಮೇಲೆ ಬಟ್ಟೆ ಹಾಕಿ.

* ಒಬ್ಬರಿಗೊಂದು ಟವೆಲ್. ಕಾಲುಬೆರಳ ಸಂದಿಯಲ್ಲಿ ಫಂಗಸ್ ಇದ್ದರೆ ಪಾದಕ್ಕೆ ಬೇರೆ ಬಟ್ಟೆ. ಚಡ್ಡಿಗಿಂತ ಮೊದಲು ಸಾಕ್ಸ್ ಹಾಕಿಕೊಳ್ಳಲಿ. ಇಲ್ಲದಿದ್ದರೆ ಪಾದದ ಸೋಂಕು ಚಡ್ಡಿಯ ಮೂಲಕ ಮೇಲೇರುತ್ತದೆ.

* ಸಡಿಲವಾದ ಹತ್ತಿಯ ಒಳಉಡುಪು. ಬೆವರಿದರೆ, ವಾಕಿಂಗ್, ಜಿಮ್ ಮುಗಿಸಿದರೆ ತಕ್ಷಣ ಬದಲಾವಣೆ.

* ಸೋಂಕಿರುವವರ ಬಟ್ಟೆ, ಹಾಸಿಗೆ ಹೊದಿಕೆ ಬೇರೆಯಾಗಿ ಬಿಸಿನೀರಿನಲ್ಲಿ ಒಗೆಯಿರಿ. ಮಳೆಗಾಲದಲ್ಲಿ ಇಸ್ತ್ರಿ ಮಾಡಿಯೇ ಕೊಡಿ.

* ವೈದ್ಯರು ಕೊಟ್ಟ ಮುಲಾಮನ್ನು ಕಲೆಯ ಅಂಚಿನಿಂದ 2 ಸೆಂ.ಮೀ. ಆಚೆಗೂ ಹಚ್ಚಿ. ತುರಿಕೆ ನಿಂತಿತೆಂದು ಬಿಡಬೇಡಿ. ಕಲೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸುವುದು ವಾಡಿಕೆ.

* ಮನೆಯಲ್ಲಿ ಇನ್ನೊಬ್ಬರಿಗಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ. ಒಬ್ಬರಿಗೆ ವಾಸಿಯಾಗುವ ಹೊತ್ತಿಗೆ ಇನ್ನೊಬ್ಬರಿಂದ ಮತ್ತೆ ಬರುವುದೇ ಈ ಕಾಯಿಲೆಯ ದೊಡ್ಡ ಆಟ.

ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಮತ್ತೆ ಮತ್ತೆ ಮರುಕಳಿಸುತ್ತಿರುವವರು ತಡ ಮಾಡದೆ ಚರ್ಮರೋಗ ತಜ್ಞರಲ್ಲಿಗೆ ಹೋಗಲೇಬೇಕು. ಎಲ್ಲ ತುರಿಕೆಯೂ ಹುಳುಕಡ್ಡಿಯಲ್ಲ, ಅಲರ್ಜಿಯೂ ಇರಬಹುದು. ಚರ್ಮವನ್ನು ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಪರೀಕ್ಷೆ ಇದೆ, ನೋವಾಗುವುದಿಲ್ಲ.

ಮನೆಯವರೆಲ್ಲರ ಬಟ್ಟೆ ನಿಮ್ಮ ಕೈಯಲ್ಲೇ ಹಾದುಹೋಗುವುದರಿಂದ ಯಾರಿಗೆ ಏನಾಗಿದೆ ಅನ್ನುವ ಸುಳಿವು ಮೊದಲು ಸಿಗುವುದು ನಿಮಗೇ. ಹಾಗಾಗಿ ಮೊದಲ ಮಾತನ್ನೂ ನೀವೇ ಆಡಿ. ಇವತ್ತು ರಾತ್ರಿ ಊಟ ಆದ ಮೇಲೆ ಗಂಡನನ್ನು, ಮಗನನ್ನು ನೇರವಾಗಿ ಕೇಳಿ: 'ಯಾವ ಟ್ಯೂಬ್ ಹಚ್ತಾ ಇದ್ದೀರಿ, ತೋರಿಸಿ.' ನಿಮಗೇ ತುರಿಕೆ ಇದ್ದರೆ ಅದನ್ನೂ ಹೇಳಿಬಿಡಿ. ಎಲ್ಲರಿಗಿಂತ ಕೊನೆಗೆ ನಿಮ್ಮ ಆರೋಗ್ಯ ಅನ್ನುವ ಹಳೇ ಅಭ್ಯಾಸ ಈ ವಿಷಯದಲ್ಲಂತೂ ಬೇಡ.