ಬೈಪಾಸ್ ಆದವರು ಮೆಟ್ಟಿಲು ಹತ್ತಬಾರದೇ?

"ಬೈಪಾಸ್ ಆಗಿದೆ, ಇನ್ನು ಆಯಾಸ ಮಾಡ್ಕೋಬೇಡಿ." ಗುಬ್ಬಿ, ಕುಣಿಗಲ್ ಕಡೆಯಿಂದ ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದವರನ್ನು ನೋಡಲು ಬರುವ ನೆಂಟರೆಲ್ಲ ಹೇಳುವ ಮಾತಿದು. ಮನೆಯವರೂ ಪ್ರೀತಿಯಿಂದಲೇ ಅವರನ್ನು ಮಂಚ ಬಿಟ್ಟು ಏಳಲು ಬಿಡುವುದಿಲ್ಲ.

ಮಾತು ಪೂರ್ತಿ ಸುಳ್ಳಲ್ಲ. ಸೀಳಿದ ಎದೆಮೂಳೆ ಕೂಡಿಕೊಳ್ಳಲು ಎರಡು-ಮೂರು ತಿಂಗಳು ಬೇಕು. ಅಲ್ಲಿಯವರೆಗೆ ತುಂಬಿದ ಕೊಡ ಎತ್ತುವುದು, ಬೈಕ್ ಓಡಿಸುವುದು ಬೇಡ. ಆದರೆ ನಡೆಯಬಾರದು ಅಂತಲ್ಲ. ಆಸ್ಪತ್ರೆಯವರೇ ಕೆಲವು ದಿನಗಳಲ್ಲಿ ರೋಗಿಯನ್ನು ಎಬ್ಬಿಸಿ ವಾರ್ಡಿನಲ್ಲಿ ನಡೆಸುತ್ತಾರೆ.

ಯಾಕೆ ನಡೆಸಬೇಕು? ಕೆನಡಾದ ಟೊರಾಂಟೊದಲ್ಲಿ ಹೃದ್ರೋಗದ ನಂತರ ಚೇತರಿಕೆಯ ವ್ಯಾಯಾಮಕ್ಕೆ ಬಂದ 12,169 ಗಂಡಸರ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅವರಲ್ಲಿ 3,077 ಮಂದಿ ಬೈಪಾಸ್ ಆದವರು. ದಣಿಯುವವರೆಗೆ ವ್ಯಾಯಾಮ ಮಾಡಿಸಿ, ದೇಹ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸುತ್ತದೆ ಎಂದು ಅಳೆದರು. ಒಂದು ಕಿಲೋ ತೂಕಕ್ಕೆ 15 ಮಿಲಿಲೀಟರ್‌ಗಿಂತ ಕಡಿಮೆ ಬಳಸಿದವರಿಗೆ ಹೋಲಿಸಿದರೆ, 15ರಿಂದ 22 ಇದ್ದವರು ಹೃದಯದ ತೊಂದರೆಯಿಂದ ಸಾಯುವ ಅಪಾಯ ಶೇ 38ರಷ್ಟು ಕಡಿಮೆ; 22 ದಾಟಿದವರಿಗೆ ಶೇ 61ರಷ್ಟು ಕಡಿಮೆ.

ಸುಮ್ಮನೆ ಕೂತಾಗ ನಮಗೆ ಬೇಕಾದದ್ದು ಸುಮಾರು 3.5 ಮಿಲಿಲೀಟರ್. ಬಿರುಸು ನಡಿಗೆಗೆ ಅದರ ಮೂರು-ನಾಲ್ಕು ಪಟ್ಟು ಬೇಕು. ಅಂದರೆ 15ಕ್ಕಿಂತ ಕೆಳಗಿರುವವರಿಗೆ ತುಮಕೂರಿನ ಅಮಾನಿಕೆರೆಯ ಬಳಿ ಬಿರುಸಾಗಿ ನಡೆಯುವುದೇ ಹೆಚ್ಚುಕಡಿಮೆ ಇರುವ ಶಕ್ತಿಯನ್ನೆಲ್ಲ ಹಾಕುವ ಕೆಲಸ.

ಇಲ್ಲೊಂದು ಎಚ್ಚರಿಕೆ. ಇದು ಗಂಡಸರನ್ನು ಮಾತ್ರ ನೋಡಿದ ಅಧ್ಯಯನ. ಹೃದಯ ಹೆಚ್ಚು ಹಾನಿಗೊಂಡಿದ್ದರಿಂದಲೇ ಕೆಲವರಿಗೆ ಶಕ್ತಿ ಕಡಿಮೆ ಇದ್ದಿರಬಹುದು. ಹಾಗಾಗಿ ನಡೆದರೆ ಆಯುಷ್ಯ ಇಷ್ಟು ವರ್ಷ ಹೆಚ್ಚುತ್ತದೆ ಎಂದು ಯಾರಾದರೂ ಲೆಕ್ಕ ಕೊಟ್ಟರೆ ನಂಬಬೇಡಿ. ಆದರೆ ವಯಸ್ಸಿನ ಹಾಗಲ್ಲ, ಈ ಶಕ್ತಿಯನ್ನು ಅಭ್ಯಾಸದಿಂದ ಹೆಚ್ಚಿಸಬಹುದು. ಮಂಚದಲ್ಲೇ ಇದ್ದರೆ ಕೆಲವೇ ವಾರಗಳಲ್ಲಿ ಅದು ಇಳಿಯುತ್ತದೆ.

ಇಷ್ಟು ಸೆಕೆಂಡಿನಲ್ಲಿ ಮೆಟ್ಟಿಲು ಹತ್ತಿ ಹೃದಯ ಪರೀಕ್ಷಿಸಿಕೊಳ್ಳಿ ಎನ್ನುವ ಫಾರ್ವರ್ಡ್ ಬಂದರೆ ಮಾತ್ರ ಮನೆಯಲ್ಲಿ ಪ್ರಯತ್ನಿಸಬೇಡಿ. ಮರುತಪಾಸಣೆಗೆ ಹೋದಾಗ ಎಷ್ಟು ನಡೆಯಬಹುದು, ಟ್ರೆಡ್‌ಮಿಲ್ ಪರೀಕ್ಷೆ ಯಾವಾಗ ಎಂದು ವೈದ್ಯರನ್ನೇ ಕೇಳಿ. ಕೈಗಡಿಯಾರ ತೋರಿಸುವ ನಾಡಿಬಡಿತವೂ ಇವರಿಗೆ ಸರಿಯಾದ ಅಳತೆಯಲ್ಲ. ಬೈಪಾಸ್ ಆದ ಅನೇಕರು ನುಂಗುವ ಬೀಟಾ ಬ್ಲಾಕರ್ ಮಾತ್ರೆ ಬಡಿತವನ್ನು ತಗ್ಗಿಸಿರುತ್ತದೆ. ನಡೆಯುತ್ತಲೇ ಪಕ್ಕದವರೊಂದಿಗೆ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಎದೆನೋವು, ತಲೆಸುತ್ತು, ಎಂದೂ ಇಲ್ಲದ ಏದುಸಿರು ಬಂದರೆ ಅಲ್ಲೇ ನಿಂತು ವೈದ್ಯರಿಗೆ ತಿಳಿಸಿ.