ದುಬೈ ಪೇಟೆಯಲ್ಲಿ ಬೆಳೆಗಾರ ನೋಡಬೇಕಾದದ್ದು

ಮಗನೋ ಅಳಿಯನೋ ದುಬೈಯಲ್ಲಿ ಕೆಲಸಕ್ಕಿದ್ದರೆ, ಕೊಯ್ಲು ಮುಗಿದ ಮೇಲೆ ಹತ್ತು ದಿನ ಅಲ್ಲಿಗೆ ಹೋಗಿಬರುವುದು ನಮ್ಮ ಕಡೆ ಈಗ ವಾಡಿಕೆಯಾಗಿದೆ. ಹೋದವರು ಬುರ್ಜ್ ಖಲೀಫಾ ನೋಡುತ್ತಾರೆ, ಚಿನ್ನದ ಪೇಟೆಯಲ್ಲಿ ಬಳೆ ಕೊಳ್ಳುತ್ತಾರೆ, ಖರ್ಜೂರ ಕಟ್ಟಿಸಿಕೊಂಡು ವಿಮಾನ ಹತ್ತುತ್ತಾರೆ. ನಾವೂ ಇಷ್ಟನ್ನೆಲ್ಲ ಮಾಡಿದೆವು. 2010ರಲ್ಲಿ ತೆರೆದ, 828 ಮೀಟರ್ ಎತ್ತರದ ಆ ಕಟ್ಟಡದ ವಿಷಯ ಹೆಚ್ಚು ಬರೆಯುವುದಿಲ್ಲ. ನೋಡಿದರೆ ಕತ್ತು ನೋಯುತ್ತದೆ. ಬೆಳೆಗಾರನಾದವನು ಬಿಡುವು ಮಾಡಿಕೊಂಡು ನೋಡಬೇಕಾದದ್ದು ಹಳೆಯ ದೇರಾ ಪೇಟೆಯನ್ನು ಎಂಬುದು ನಮ್ಮ ಅಭಿಪ್ರಾಯ.

ಕಡಲು ಒಳನುಗ್ಗಿ ಮಾಡಿರುವ ಕ್ರೀಕ್ ಎಂಬ ಕಾಲುವೆ ಊರನ್ನು ಎರಡು ಭಾಗ ಮಾಡಿದೆ. ಬುರ್ ದುಬೈ ಕಡೆಯಿಂದ ಒಂದು ದಿರ್ಹಮ್ ಕೊಟ್ಟು ಅಬ್ರಾ ಎಂಬ ದೋಣಿಯಲ್ಲಿ ದಾಟಿದೆವು. ದಡದಲ್ಲಿ ಮರದ ಹಡಗುಗಳು. ಮಂಗಳೂರು ಹಳೆ ಬಂದರಿನ ಮಂಜಿಗಳ ನೆನಪಾಯಿತು.

ಇದೆಲ್ಲ ಎಣ್ಣೆಯ ದುಡ್ಡು ಎಂದು ನಮ್ಮಲ್ಲಿ ಹೇಳುವುದುಂಟು. ಪೂರ್ತಿ ಹಾಗಲ್ಲ. ಮೊದಲು ಅದು ಮುತ್ತಿನ ವ್ಯಾಪಾರದ ಊರು. 1930ರ ದಶಕದಲ್ಲಿ ಜಪಾನಿನ ಕೃಷಿ ಮುತ್ತು ಪೇಟೆ ಹಿಡಿಯಿತು, ಇವರ ಕಸುಬು ಕುಸಿಯಿತು. ಆಮೇಲೆ ಹೂಳು ತುಂಬಿದ ಕ್ರೀಕನ್ನು ಕುವೈತಿನಿಂದ ಸಾಲ ತಂದು ಆಳ ಮಾಡಿಸಿದರು. ಆ ಕೆಲಸ ನಡೆದದ್ದು 1960ರ ಆಸುಪಾಸಿನಲ್ಲಿ. ಎಣ್ಣೆ ಸಿಕ್ಕಿದ್ದು 1966ರಲ್ಲಿ. ಬೆಳೆಯಲು ಏನೂ ಇಲ್ಲದವರು ಮಾರುವ ಜಾಗವನ್ನು ಮೊದಲು ಸಿದ್ಧ ಮಾಡಿಕೊಂಡರು. ನಾವು ಬೇಕಾದ್ದೆಲ್ಲ ಬೆಳೆದು, ಮಾರುವ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟು ಕುಳಿತಿದ್ದೇವೆ.

ಮಸಾಲೆ ಪೇಟೆಯ ಓಣಿಗಳಲ್ಲಿ ಇರಾನಿನ ಕೇಸರಿ, ಒಣ ನಿಂಬೆ, ಒಮಾನಿನ ಲೋಬಾನ. ಅಂಗಡಿಯವನು ಹಿಂದಿಯಲ್ಲೇ ಕರೆಯುತ್ತಾನೆ. ಹೇಳಿದ ಬೆಲೆಯ ಅರ್ಧಕ್ಕೆ ಕೇಳಿದರೂ ಮುನಿಯುವುದಿಲ್ಲ. ಏಲಕ್ಕಿಯನ್ನು ಬಣ್ಣ, ಗಾತ್ರ ನೋಡಿ ಬೇರೆ ಬೇರೆ ಚೀಲಗಳಲ್ಲಿ ಸುರಿದಿದ್ದರು. ಒಂದು ಕಾಲಕ್ಕೆ ಅರಬ್ ಪೇಟೆಯ ಏಲಕ್ಕಿ ಹೆಚ್ಚಾಗಿ ನಮ್ಮ ದೇಶದ್ದು. ಕಳೆದ ಶತಮಾನದಲ್ಲಷ್ಟೇ ಆ ಗಿಡ ಕಂಡ ಗ್ವಾಟೆಮಾಲ ಈಗ ಎಲ್ಲರಿಗಿಂತ ಮುಂದಿದೆ.

ಅವರ ಕಾಫಿಗೆ ಗಹ್ವಾ ಎನ್ನುತ್ತಾರೆ. ಬೀಜವನ್ನು ಎಳಸಾಗಿ ಹುರಿದು, ಏಲಕ್ಕಿ ಹಾಕಿ ಕುದಿಸಿ, ಹಾಲು ಸಕ್ಕರೆ ಇಲ್ಲದೆ, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಖರ್ಜೂರದ ಜೊತೆ ಕೊಡುತ್ತಾರೆ. ಸಾಕೆನ್ನಬೇಕಾದರೆ ಬಟ್ಟಲನ್ನು ಕುಲುಕಬೇಕು. ಇಲ್ಲವಾದರೆ ಮತ್ತೆ ಸುರಿಯುತ್ತಾರೆ. ಮೊದಲ ಬಟ್ಟಲು ಕಷಾಯದಂತಿತ್ತು, ಮೂರನೆಯದು ರುಚಿಸಿತು. ಬಾಬಾಬುಡನ್ ಏಳು ಬೀಜ ತಂದದ್ದು ಯೆಮನಿನ ಮೋಚಾದಿಂದ ಎಂಬ ಪ್ರತೀತಿಯಂತೆ ನೋಡಿದರೆ, ಇದು ನಮ್ಮ ಕಾಫಿಯ ತವರಿನ ಕಡೆಯ ರುಚಿ.

ಕಾಫಿ ಅಂಗಡಿಯಲ್ಲಿ ಇಥಿಯೋಪಿಯ, ಯೆಮನ್, ಕೊಲಂಬಿಯ ಎಂದು ಡಬ್ಬಿಗಳ ಮೇಲೆ ಬರೆದಿತ್ತು. ಭಾರತದ್ದು ಎಲ್ಲಿ ಎಂದು ಕೇಳಿದೆವು. "ಮಿಶ್ರಣದಲ್ಲಿ ಇರುತ್ತದೆ" ಎಂದ. ನಮ್ಮ ಕಾಫಿ ಕೊಳ್ಳುವ ದೇಶಗಳಲ್ಲಿ ಎಮಿರೇಟ್ಸ್ ಸಹ ಒಂದು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಆದರೂ ಹೆಸರು ಮಿಶ್ರಣದಲ್ಲಿ ಕರಗಿಹೋಗಿದೆ. 1996ರಿಂದ ಎಲ್ಲ ಬೆಳೆಗಾರರಿಗೂ ಕಾಫಿ ಮಾರಾಟ ಮುಕ್ತವಾಗಿದೆ. ಕಣದಿಂದ ಎತ್ತಿದ ಚೀಲ ವ್ಯಾಪಾರಿಯ ಗೋದಾಮು ದಾಟಿ ಎಲ್ಲಿಗೆ ಹೋಯಿತೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಅಡಿಕೆಯ ಮಾತು ಬೇರೆ. ವೀಳ್ಯದೆಲೆ, ಪಾನ್ ಪದಾರ್ಥಗಳನ್ನು ಆ ದೇಶದೊಳಗೆ ಒಯ್ಯುವುದೇ ನಿಷೇಧ. ಕವಳದ ಸಂಚಿಯನ್ನು ಹಿರಿಯರು ಮನೆಯಲ್ಲೇ ಬಿಟ್ಟು ಹೋಗುವುದು ಲೇಸು. ಅಡಿಕೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ. ಓದಲು ಕಹಿಯಾದರೂ ನಮ್ಮ ಪತ್ರಿಕೆಯಲ್ಲಿ ಇದನ್ನು ಮುಚ್ಚಿಡಬಾರದು. ಅಡಿಕೆಯೊಂದನ್ನೇ ನೆಚ್ಚಿದ ತೋಟದವರು ಮುತ್ತಿನವರ ಗತಿಯನ್ನು ಒಮ್ಮೆ ಯೋಚಿಸಲಿ. ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಲು, ನಡುವೆ ಕಾಫಿ ಹಾಕಲು ಯಾರ ಅಪ್ಪಣೆಯೂ ಬೇಡ.

ಎರಡೆಕರೆಯವನು ಒಬ್ಬನೇ ದುಬೈಗೆ ಕಾಫಿ ಕಳಿಸಲಾರ. ಅದು ಸಂಘದ ಕೆಲಸ. ಒಪ್ಪುವ ಸದಸ್ಯರಿಂದ ಹಣ್ಣು ಮಾತ್ರ ಕೊಯ್ದ ಪಾರ್ಚ್‌ಮೆಂಟನ್ನು ಬೇರೆಯಾಗಿ ತೆಗೆದುಕೊಂಡು, ಮಿಶ್ರಣ ಮಾಡದೆ, ನಮ್ಮ ಊರಿನ ಹೆಸರಿನಲ್ಲೇ ಕಟ್ಟಿ ಮಾರಿ ನೋಡೋಣ. ಮೊದಲ ವರ್ಷ ಲಾಭ ಬರಲಿಕ್ಕಿಲ್ಲ, ಸಾಲವೂ ಆದೀತು. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಬೇಕೆಂದು ನಾವು ಕೋರುತ್ತೇವೆ. ಮಕ್ಕಳು ಅಲ್ಲಿರುವ ಸದಸ್ಯರು, ಯಾವ ಅಂಗಡಿಯಲ್ಲಿ ಯಾವ ಕಾಫಿ ಏನು ಬೆಲೆಗೆ ಮಾರುತ್ತಿದೆ ಎಂದು ಬರೆಸಿ ತರಿಸಿಕೊಂಡು ಬಂದರೆ ಚರ್ಚೆಗೆ ಅನುಕೂಲ.